ಎಮ್ಮೆದೊಡ್ಡಿಯಲ್ಲಿ ಹೋಶಿಯಾರ್‌ಪುರದ ಮಳೆ

ಅನುವಾದದ ಬಗ್ಗೆ ಜಗಳವಾಡಲು ಕನ್ನಡಿಗರಾದ ನಮಗೆ ಬೇಸರವೇ ಇಲ್ಲ. ಒಂದು ಪದ ತಪ್ಪಿದರೆ ವಾರಗಟ್ಟಲೆ ಚರ್ಚೆ. ಆದರೆ ಹೆಸರಿನಲ್ಲೇ ‘ಟ್ರಾನ್ಸ್‌ಲೇಟ್’ ಎಂದಿರುವ ಇನ್ನೊಂದು ಅನುವಾದವಿದೆ. ಅದಕ್ಕೆ ಅನುವಾದಕರ ಹೆಸರೂ ಇಲ್ಲ, ಕೇಳುವವರೂ ಇಲ್ಲ. ಮಳೆ, ಉಷ್ಣಾಂಶ, ನೆಲದ ಎತ್ತರ ಇಂಥವನ್ನು ಚೌಕಚೌಕವಾಗಿ ಬರೆದಿಟ್ಟ ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಅದು. ಕಪ್ಪು ತೆರೆಯ ಮೇಲೆ ಜಿಡಾಲ್ ಎಂಬ ತಂತ್ರಾಂಶದ ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ‘ಅದು ಗುಮಾಸ್ತಿಕೆ, ಸಂಶೋಧನೆಯಲ್ಲ, ಪ್ರಬಂಧದಲ್ಲಿ ಬೇಡ’ ಎಂಬ ಬುದ್ಧಿಮಾತನ್ನು ಪಿಎಚ್‌ಡಿಗೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಈ ಮಾತು ತಪ್ಪು. ತಪ್ಪೆಂದು ನನಗೆ ಕಲಿಸಿದ್ದು ಎಮ್ಮೆದೊಡ್ಡಿಯ ರಾಗಿ ಕಣ.

ಭಾರತೀಯ ಹವಾಮಾನ ಇಲಾಖೆ 1901ರಿಂದೀಚಿನ ದಿನದಿನದ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಕೊಡುತ್ತದೆ. ಪೂರ್ವ-ಪಶ್ಚಿಮಕ್ಕೆ 135, ದಕ್ಷಿಣೋತ್ತರಕ್ಕೆ 129 ಬಿಂದುಗಳು. ಬೈನರಿ ಕಡತದಲ್ಲಿರುವುದು ಬರೀ ಅಂಕಿ. ಯಾವುದು ಯಾವ ಊರಿನದೆಂದು ನಾವೇ ಹೇಳಿಕೊಡಬೇಕು. ಅದರ ಮೊದಲ ಸಾಲು ದಕ್ಷಿಣದ್ದು, 6.5 ಡಿಗ್ರಿ ಅಕ್ಷಾಂಶ. ನಕ್ಷೆಗೆ ಬಳಸುವ ಜಿಯೋಟಿಫ್ ಸಾಮಾನ್ಯವಾಗಿ ಉತ್ತರದಿಂದ ಶುರುವಾಗುತ್ತದೆ. ನಾನು ಮೊದಲ ಸಾಲು 38.5 ಎಂದು ಬರೆದುಕೊಟ್ಟೆ. ಯಂತ್ರ ಗೊಣಗಲಿಲ್ಲ. ಹತ್ತು, ಇಪ್ಪತ್ತು ಎಂದು ಎಣಿಸುತ್ತಾ ನೂರು ಮುಟ್ಟಿಸಿತು. ಇಡೀ ನಕ್ಷೆ ತೆರೆದಿದ್ದರೆ ತಲೆಕೆಳಗಾದ ಭಾರತ ಆಗಲೇ ಕಾಣುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ ಚೌಕ. ಅದನ್ನಷ್ಟೇ ಕಿತ್ತು ಗ್ರಾಫ್ ಎಳೆದೆ.

ಊರಿಗೆ ಹೋದಾಗ ಹೆಮ್ಮೆಯಿಂದ ದೊಡ್ಡಪ್ಪನಿಗೆ ತೋರಿಸಿದೆ. ಅವರು ಜನವರಿಯ ಕಂಬದ ಮೇಲೆ ಬೆರಳಿಟ್ಟು, ‘ಇಷ್ಟು ಮಳೆ ಹುಯ್ದಿದ್ರೆ ಕಣದಲ್ಲಿದ್ದ ರಾಗಿ ಏನಾಗ್ಬೇಕಿತ್ತು ಮಗಾ?’ ಅಂದರು. ರಾತ್ರಿ ಕೂತು ಲೆಕ್ಕ ಹಾಕಿದೆ. 13.5 ಡಿಗ್ರಿಯನ್ನು ತಲೆಕೆಳಗು ಮಾಡಿದರೆ 31.5. ನಮ್ಮದೇ ರೇಖಾಂಶದಲ್ಲಿ ಅಲ್ಲಿರುವುದು ಪಂಜಾಬಿನ ಹೋಶಿಯಾರ್‌ಪುರ. ಅಲ್ಲಿ ಚಳಿಗಾಲದಲ್ಲಿ ಮಳೆಯಾಗುತ್ತದೆ, ಗೋಧಿಗೆ ಒಳ್ಳೆಯದು. ತಿಂಗಳುಗಟ್ಟಲೆ ನಾನು ಪಂಜಾಬಿನ ಮಳೆಯನ್ನು ಎಮ್ಮೆದೊಡ್ಡಿಯ ಹೆಸರಲ್ಲಿ ವಿಶ್ಲೇಷಿಸುತ್ತಿದ್ದೆ!

ಇದು ನಗೆಪಾಟಲಿನ ತಪ್ಪು, ಹಾಗಾಗಿ ಸಿಕ್ಕಿಬಿತ್ತು. ಮರ್ಯಾದಸ್ಥ ತಪ್ಪುಗಳು ಸಿಕ್ಕಿಬೀಳುವುದಿಲ್ಲ. ಕಾಲು ಡಿಗ್ರಿ ಎಂದರೆ ನಮ್ಮ ಕಡೆ ಸುಮಾರು 27 ಕಿಲೋಮೀಟರು. ರೂಪ ಬದಲಿಸುವಾಗಲೇ ಇನ್ನೊಂದು ಪದ ಸೇರಿಸಿದರೆ ಆ ಚೌಕ ಒಂದೊಂದು ಕಿಲೋಮೀಟರಿನ ತುಣುಕುಗಳಾಗುತ್ತದೆ, ಅಕ್ಕಪಕ್ಕದ ಚೌಕಗಳ ನಡುವಿನ ಅಂಕಿಗಳನ್ನು ಆಜ್ಞೆಯೇ ಸವರಿ ತುಂಬುತ್ತದೆ. ನಕ್ಷೆ ಮೈಸೂರು ರೇಷ್ಮೆಯಂತೆ ನುಣುಪಾಗುತ್ತದೆ. ಅದಕ್ಕೆ ‘ಗ್ರಾಮವಾರು ಮಳೆ’ ಎಂದು ಹೆಸರಿಟ್ಟು ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸುವವರನ್ನು ಕಂಡಿದ್ದೇನೆ. ಆ ಗ್ರಾಮಗಳ ಮಳೆಯನ್ನು ಅಳೆದವರು ಯಾರು? ಇಲಾಖೆಯ ಚೌಕಗಳೇ ದೇಶದ 6955 ಮಳೆಮಾಪನ ಕೇಂದ್ರಗಳ ಅಂಕಿಗಳಿಂದ ಅಂದಾಜಿಸಿದವು. ಅಂದಾಜಿನ ಮೇಲೆ ಮೆರುಗು ಹಚ್ಚಿ ಹೊಸ ಮಾಹಿತಿ ಎನ್ನುವುದು ಸುಳ್ಳು.

ಬಾಬಾಬುಡನ್‌ಗಿರಿಯ ನೆತ್ತಿಯ ಮೇಲೆ ಮುಂಗಾರು ಸುರಿಯುತ್ತಿದ್ದರೆ ಪೂರ್ವದ ಕಡೂರು ಬಯಲು ಮಳೆನೆರಳಿನಲ್ಲಿ ಒಣಗುತ್ತದೆ. ಗಿರಿಯ ನೀರಿನಿಂದ ಮದಗದ ಕೆರೆ ಕೋಡಿ ಬಿದ್ದ ವರ್ಷವೂ ಹೊಲದ ರಾಗಿ ಬಾಡಬಹುದು. ಸವರಿದ ನಕ್ಷೆಯಲ್ಲಿ ಕೋಡಿಯೂ ಇಲ್ಲ, ಬಾಡಿದ ತೆನೆಯೂ ಇಲ್ಲ, ಎರಡರ ಸರಾಸರಿಯಿದೆ. ಊರಿನ ಮಳೆ ಬೇಕಾದವರು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೂರಿಸಿರುವ ಮಳೆಮಾಪಕಗಳ ಲೆಕ್ಕ ಕೇಳಲಿ. ಬರ ಬಂದಾಗ ಪರಿಹಾರದ ಅರ್ಜಿ ಹಿಡಿದು ನಿಲ್ಲುವವರು ಬಣ್ಣದ ನಕ್ಷೆ ಮಾಡಿದವರಲ್ಲವಲ್ಲ.

ಆಜ್ಞೆಗಳನ್ನು ಅಚ್ಚು ಹಾಕಿದರೆ ಪುಟ ಹಾಳು ಎನ್ನುತ್ತಾರೆ. ಕೃತಜ್ಞತೆಗೆ ಮೂರು ಪುಟ ಬರೆಯುವವರು ನಾವು! ಗುಂಡಿ ಒತ್ತಿ ಪರಿವರ್ತಿಸಿದರೆ ಏನು ಒತ್ತಿದೆವೆಂದು ವಾರದ ಮೇಲೆ ನಮಗೇ ನೆನಪಿರುವುದಿಲ್ಲ. ಟೈಪ್ ಮಾಡಿದ ಆಜ್ಞೆ ಉಳಿಯುತ್ತದೆ, ಉತ್ತರವೆಲ್ಲಿ, ಅಳತೆಯೇ ಇಲ್ಲದ ಚೌಕಗಳ -999 ಎಲ್ಲಿ ಹೋಯಿತು, ಸವರಿದೆಯಾ ಇಲ್ಲವಾ ಎಂದು ಇನ್ನೊಬ್ಬರು ಓದಿ ಬೈಯಬಹುದು.

ನನ್ನ ಮೂರನೇ ಅಧ್ಯಾಯದಲ್ಲಿ ಈಗ ಅಂಥ ಹನ್ನೊಂದು ಸಾಲುಗಳಿವೆ. ಕರಡು ಓದಿದವರು ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಬೇಕೇ?’ ಎಂದು ಬರೆದಿದ್ದಾರೆ. ತೆಗೆದಿಲ್ಲ. ಹನ್ನೆರಡನೆಯದಾಗಿ ಆ ಹೋಶಿಯಾರ್‌ಪುರದ ಸಾಲನ್ನೂ ಸೇರಿಸಿದ್ದೇನೆ.