ಇಳಿಜಾರು ನೆಲವನ್ನು ಮಟ್ಟ ಮಾಡಬೇಡಿ

ಮುಂಬಯಿಯಲ್ಲಿ ಕನ್ನಡಿಗರಿಗೆ ಮದುವೆ ಮಾಡಲು ಹಾಲ್ ಸಾಲದು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಸಯನ್, ಕುರ್ಲಾ, ಸಾಂತಾಕ್ರೂಜ್, ಅಂಧೇರಿ ಅಂತ ಲೋಕಲ್ ಟ್ರೇನಿನ ಸ್ಟೇಷನ್ನುಗಳನ್ನು ಎಣಿಸುತ್ತ ಹೋಗಿ, ಅಲ್ಲಲ್ಲಿ ಒಂದೊಂದು ಸಮಾಜದ ಭವನ ಸಿಗುತ್ತದೆ. ಅದು ಸಾಲದ್ದಕ್ಕೆ, ನಮ್ಮ ಉಪನಗರದಲ್ಲಿ ಬಾಗಿಲು ಹಾಕಿಕೊಂಡು ಕೂತಿರುವ ಹಳೆ ಟಾಕೀಸನ್ನು ಲೀಸಿಗೆ ಹಿಡಿದು ಏಸಿ ಕಲ್ಯಾಣ ಮಂಟಪ ಮಾಡಬೇಕೆಂದು ಈಗ ನಮ್ಮವರೇ ಕೆಲವರು ಹೊರಟಿದ್ದಾರೆ. ಟಾಕೀಸಿನ ಹೆಸರು, ಹೊರಟವರ ಹೆಸರು ಎರಡೂ ಇಲ್ಲಿ ಬೇಡ. ಅವರು ಕರೆದ ಸಭೆಗೆ ನಾನೂ ಹೋಗಿದ್ದೆ. ವಿರೋಧ ಮಾಡಿದೆ. "ನಿಮಗೆ ಸಿನಿಮಾದ ಚಟ ಇನ್ನೂ ಬಿಟ್ಟಿಲ್ಲ ಮಾರಾಯ್ರೆ" ಎಂದು ನಗಾಡಿ, ಒಂದು ಚಾ ಕೊಟ್ಟು ಕಳಿಸಿದರು. ಅಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಹೇಳುತ್ತೇನೆ.

ಟಾಕೀಸು ಹೋಯಿತು, ನಮ್ಮ ಕಾಲ ಹೋಯಿತು ಎಂದು ಅಳುವವರ ಪಂಗಡ ನನ್ನದಲ್ಲ. ವಾಟ್ಸಾಪಿನಲ್ಲಿ ಹಳೆ ಟಿಕೇಟಿನ ಫೋಟೋ ಹಾಕಿ ನಿಟ್ಟುಸಿರು ಬಿಡುವವರಲ್ಲಿ ಎಷ್ಟು ಮಂದಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಅದರ ಒಳಗೆ ಕಾಲಿಟ್ಟಿದ್ದಾರೆ ಕೇಳಿ. ಕೊನೆಕೊನೆಗೆ ಅಲ್ಲಿ ಇದ್ದದ್ದು ತಿಗಣೆ, ಹರಿದ ಸೀಟು, ಮೂತ್ರದ ವಾಸನೆ. ಒಂಬೈನೂರು ಸೀಟಿನ ಹಾಲಿನಲ್ಲಿ ಮೂವತ್ತು ಜನ, ಅದರಲ್ಲೂ ಅರ್ಧ ಮಂದಿ ಫ್ಯಾನಿನ ಕೆಳಗೆ ನಿದ್ದೆ ತೆಗೆಯಲು ಬಂದವರು. ಹಾಗೆಯೇ ನಡೆಸಿಕೊಂಡು ಹೋಗು ಎಂದು ಮಾಲೀಕನಿಗೆ ಹೇಳಲು ನಾವು ಯಾರು? ವಿದ್ಯುತ್ ಬಿಲ್ಲು ನಾವು ಕಟ್ಟುತ್ತೇವೆಯೇ? ಆ ಕಟ್ಟಡಕ್ಕೆ ಹೊಸ ಉಪಯೋಗ ಬೇಕು, ಬೇಕೇ ಬೇಕು. ಜಗಳ ಇರುವುದು ಯಾವ ಉಪಯೋಗ ಎಂಬುದರಲ್ಲಿ.

ಆ ಟಾಕೀಸು ನಮಗೆ ಏನಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಡೀ ವಾದ ನಿಂತಿರುವುದು ಅದರ ಮೇಲೆಯೇ. ನಾನು ಈ ಊರಿಗೆ ಬಂದದ್ದು 1978ರಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ಶಾಲೆ. ಭಾನುವಾರ ಬೆಳಿಗ್ಗೆ ಯಾವಾಗಲೋ ಒಮ್ಮೆ ಕನ್ನಡ ಚಿತ್ರದ ಒಂದೇ ಒಂದು ಆಟ. ಊರಿನಲ್ಲಿ ಎಲ್ಲರೂ ನೋಡಿ ಮರೆತ ಚಿತ್ರ, ಗೆರೆ ಬಿದ್ದ ಪ್ರಿಂಟು. ಎಷ್ಟೋ ಸಲ ಎರಡನೆಯ ರೀಲಿಗೂ ಮೂರನೆಯ ರೀಲಿಗೂ ನಡುವೆ ಕಥೆಯೇ ಹಾರಿಹೋಗುತ್ತಿತ್ತು. ಯಾರಿಗೆ ಬೇಕು ಕಥೆ? ರಾಜ್‌ಕುಮಾರ್ ಬಾಯಿ ತೆರೆದು ಒಂದು ಮಾತು ಆಡಿದರೆ ಸಾಕಿತ್ತು. ನನ್ನ ಪಕ್ಕದ ಸೀಟಿನಲ್ಲಿ ಒಮ್ಮೆ ವಿಜಾಪುರ ಕಡೆಯ ಗಾರೆ ಕೆಲಸದವನು, ಇನ್ನೊಮ್ಮೆ ಪರೇಲ್ ಕಡೆಯ ಗಿರಣಿಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಬಂದವನು. ಮೇಲೆ ಬಾಲ್ಕನಿಯಲ್ಲಿ ಧಾರವಾಡದ ಬ್ಯಾಂಕ್ ಆಫೀಸರರು, ಮಲ್ಲಿಗೆ ಮುಡಿದ ಅವರ ಹೆಂಡತಿ, ಅವರಿಗೆ ಎರಡು ಸಾಲು ಹಿಂದೆ ನಮ್ಮ ಹೋಟೆಲಿನ ಶೆಟ್ರು. ಸ್ಟಾಲು, ಬಾಲ್ಕನಿ ಎಂಬ ದುಡ್ಡಿನ ಭೇದ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ "ನೀವು ಯಾವ ಪೈಕಿ?" ಎಂದು ಯಾರೂ ಕೇಳಲಿಲ್ಲ. ಕಿಟಕಿಯ ಆಚೆ ಕೂತವನು ನೋಡುತ್ತಿದ್ದದ್ದು ಕೈಯಲ್ಲಿದ್ದ ನೋಟನ್ನು ಮಾತ್ರ.

ಈಗ ಭವನಗಳ ವಿಷಯಕ್ಕೆ ಬನ್ನಿ. ಅವುಗಳನ್ನು ಕಟ್ಟಿದವರನ್ನು ನಾನು ಹಳಿಯುವುದಿಲ್ಲ. ಹೋಟೆಲು ಹುಡುಗರಿಗೆ ರಾತ್ರಿಶಾಲೆ ತೆರೆದವರು, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟವರು, ಊರಿನಿಂದ ಯಕ್ಷಗಾನದ ಮೇಳ ಕರೆಸಿದವರು ಆ ಸಮಾಜಗಳವರೇ. ನಾನು ಕಲಿತ ನಾಲ್ಕಕ್ಷರವೂ ಅಂಥದೇ ಒಂದು ಶಾಲೆಯದು. ಆದರೆ ಭವನದ ಬಾಗಿಲು ತೆರೆಯುವುದು ಆಮಂತ್ರಣ ಪತ್ರಿಕೆಗೆ. ಕರೆದರೆ ಹೋಗಬೇಕು, ಕರೆಯದಿದ್ದರೆ ರಸ್ತೆಯಿಂದಲೇ ದೀಪದ ಸರ ನೋಡಬೇಕು. ಕರೆಯುವವರು ಯಾರನ್ನು ಕರೆಯುತ್ತಾರೆ? ತಮ್ಮವರನ್ನು. ಅದು ತಪ್ಪೂ ಅಲ್ಲ, ಮದುವೆ ಅಂದರೆ ಹಾಗೆಯೇ. ಗಾರೆ ಕೆಲಸದ ಆ ವಿಜಾಪುರದವನಿಗೆ ಈ ಊರಿನ ಎಷ್ಟು ಭವನಗಳಿಂದ ಕರೆ ಬಂದೀತು? ಅವನೂ ಕನ್ನಡದವನೇ ತಾನೇ? ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ ಇವೆಯಲ್ಲ ಎನ್ನಬಹುದು. ಇವೆ. ಅಲ್ಲಿ ನಾಟಕ, ಉಪನ್ಯಾಸ ನಡೆದಿವೆ, ಯಾರು ಬೇಕಾದರೂ ಹೋಗಿ ಕೂತಿದ್ದಾರೆ. ಆದರೆ ಉಪನಗರದ ಈ ತುದಿಯಿಂದ ಹೋಟೆಲಿನ ಹುಡುಗ ಮಾಟುಂಗಕ್ಕೆ ಹೋಗಿ ಉಪನ್ಯಾಸ ಕೇಳಿ ಬರುವಷ್ಟರಲ್ಲಿ ಅವನ ವಾರದ ರಜೆಯೇ ಮುಗಿದಿರುತ್ತದೆ.

"ಸಿನಿಮಾ ಈಗ ಮೊಬೈಲಿನಲ್ಲೇ ಉಂಟಲ್ಲ" ಅಂದರು ಸಭೆಯಲ್ಲಿ ಒಬ್ಬರು. ಉಂಟು. ಊಟವೂ ಮನೆಯಲ್ಲಿ ಉಂಟು, ಆದರೂ ನಾವು ಹೋಟೆಲಿಟ್ಟೇ ಈ ಊರಿನಲ್ಲಿ ಬದುಕಿದೆವು. ಇನ್ನೊಬ್ಬರು 'ಕೆಜಿಎಫ್', 'ಕಾಂತಾರ' ಮಲ್ಟಿಪ್ಲೆಕ್ಸಿಗೆ ಬಂದದ್ದನ್ನು ನೆನಪಿಸಿದರು. 2018ರಲ್ಲಿ, 2022ರಲ್ಲಿ ಬಂದವು, ನಿಜ, ಎದೆಯುಬ್ಬಿಸಿ ನೋಡಿದೆವು. ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಪಾಪ್‌ಕಾರ್ನ್ ಕೊಡಿಸಿ ಹೊರಬರುವಷ್ಟರಲ್ಲಿ ಸಾವಿರ ರೂಪಾಯಿಯ ಮೇಲೆ ಹೋಗಿರುತ್ತದೆ. ಸೆಕ್ಯುರಿಟಿ ಕೆಲಸದವನಿಗೆ ಅದು ಎಷ್ಟು ದಿನದ ದುಡಿಮೆ ಎಂದು ಲೆಕ್ಕ ಹಾಕಿ. ಅಷ್ಟೇ ಅಲ್ಲ, ಗದ್ದಲವಿಲ್ಲದ ಒಂದು ಸಣ್ಣ ಕನ್ನಡ ಚಿತ್ರಕ್ಕೆ ಅಲ್ಲಿ ಎಷ್ಟು ಆಟ ಸಿಗುತ್ತದೆ?

ಟಾಕೀಸುಗಳು ತಾವಾಗಿಯೇ ಸತ್ತವು ಎನ್ನುವುದೂ ಪೂರ್ತಿ ನಿಜವಲ್ಲ. 2000ದ ದಶಕದ ಮೊದಲಲ್ಲಿ ಮಹಾರಾಷ್ಟ್ರ ಸರ್ಕಾರ ಮಲ್ಟಿಪ್ಲೆಕ್ಸ್ ಕಟ್ಟುವವರಿಗೆ ಆರಂಭದ ಕೆಲವು ವರ್ಷ ಮನರಂಜನಾ ತೆರಿಗೆ ಮಾಫಿ ಮಾಡಿತು. ಅದೇ ಹೊತ್ತಿಗೆ ಪಕ್ಕದ ಹಳೆ ಟಾಕೀಸಿನವನು ತೆರಿಗೆ ಕಟ್ಟುತ್ತಲೇ ಇದ್ದ. ಒಬ್ಬನ ಕಾಲಿಗೆ ಕಲ್ಲು ಕಟ್ಟಿ ಇನ್ನೊಬ್ಬನಿಗೆ ಬೂಟು ತೊಡಿಸಿ ಓಡಿಸಿದ ಹಾಗೆ. ಟೀವಿ ಮೊದಲೇ ಬಂದಿತ್ತು, ಮೊಬೈಲೂ ಬಂತು, ಕೊನೆಗೆ ಕೊರೋನಾ ಬಂತು. ದಾದರಿನ ಚಿತ್ರಾ ಕೊರೋನಾಗೂ ಮೊದಲೇ, 2019ರಲ್ಲಿ ಮುಚ್ಚಿತ್ತು.

ಮುಚ್ಚಿದ ಮೇಲೆ ಇವುಗಳ ಗತಿ ಏನಾಯಿತು ಎಂಬುದನ್ನು ನೋಡಿದರೆ ಒಂದೊಂದು ಊರೂ ಒಂದೊಂದು ಪಾಠ ಹೇಳುತ್ತದೆ. ಪುಣೆಯ ಆರ್ಯನ್ 1915ರ ಟಾಕೀಸು, ಆ ಊರಿನ ಮೊದಲನೆಯದು. 1983ರಲ್ಲಿ ಕೆಡವಿದರು. ಈಗ ಮಂಡಈ ಹತ್ತಿರದ ಆ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾರೆ. ದಿಲ್ಲಿಯ ಕನಾಟ್ ಪ್ಲೇಸಿನ ರೀಗಲ್ ಕಥೆ ಇನ್ನೂ ತಮಾಷೆ. 1932ರಿಂದ ನಡೆದದ್ದು 2017ರ ಮಾರ್ಚಿನಲ್ಲಿ ನಿಂತಿತು, ಕೊನೆಯ ದಿನ ರಾಜ್ ಕಪೂರ್ ಚಿತ್ರ ತೋರಿಸಿ ಬಾಗಿಲೆಳೆದರು. ಅದೇ ವರ್ಷದ ಕೊನೆಗೆ ಅದೇ ಕಟ್ಟಡದಲ್ಲಿ ಮೇಣದ ಗೊಂಬೆಗಳ ಮ್ಯೂಸಿಯಂ ತೆರೆಯಿತು. ಪರದೆಯ ಮೇಲೆ ಓಡಾಡುತ್ತಿದ್ದ ನಟರನ್ನು ಕಳಿಸಿ ಮೇಣದ ನಟರನ್ನು ನಿಲ್ಲಿಸಿದರು ಅನ್ನಿ. ಮೂರು ವರ್ಷ ಕಳೆಯುವಷ್ಟರಲ್ಲಿ, 2020ರಲ್ಲಿ, ಆ ಗೊಂಬೆಗಳೂ ಅಲ್ಲಿಂದ ಹೊರಟವು. ಹೊಸ ಉಪಯೋಗ ಎಂದು ಕಂಡದ್ದನ್ನೆಲ್ಲ ತುಂಬಿದರೆ ಆಗುವುದು ಇದು.

ನಮ್ಮ ಊರಿನಲ್ಲೇ ಇರುವ ಎರಡು ಉದಾಹರಣೆ ಬೇರೆ. ಚರ್ನಿ ರೋಡಿನ ರಾಯಲ್ ಆಪೆರಾ ಹೌಸ್ ಮೊದಲು ಸಂಗೀತ ನಾಟಕದ ಮನೆ, ಆಮೇಲೆ ಸಿನಿಮಾದ ಮನೆ. 1993ರಲ್ಲಿ ಬಾಗಿಲು ಹಾಕಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಧೂಳು ತಿಂದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ನಾಟಕ, ಸಂಗೀತ, ಸಿನಿಮೋತ್ಸವ ಮೂರೂ ಅಲ್ಲಿ ನಡೆದಿವೆ. ಗೊಂಡಲದ ರಾಜಮನೆತನದ ಆಸ್ತಿ ಅದು, ಅವರ ಹತ್ತಿರ ದುಡ್ಡಿತ್ತು, ನಮ್ಮ ಹತ್ತಿರ ಎಲ್ಲಿದೆ ಎಂದು ಕೇಳುತ್ತೀರಿ. ಸರಿ, ಹಾಗಾದರೆ ಲಾಲ್‌ಬಾಗಿನ ಭಾರತಮಾತಾಕ್ಕೆ ಬನ್ನಿ. ರಾಜರದ್ದೂ ಅಲ್ಲ, ಸೆಟ್ಟರದ್ದೂ ಅಲ್ಲ, ಗಿರಣಿ ಕಾರ್ಮಿಕರು ಮರಾಠಿ ಚಿತ್ರ ನೋಡುತ್ತಿದ್ದ ಟಾಕೀಸು. ಜಾಗ ಗಿರಣಿಯದ್ದು. ಸುತ್ತಲಿನ ಗಿರಣಿಗಳೆಲ್ಲ ಮಾಲು, ಗೋಪುರಗಳಾಗುತ್ತಿದ್ದಾಗ ಇದನ್ನೂ ಬಿಟ್ಟುಕೊಡಿ ಎಂದು ಜಾಗದ ಒಡೆತನದ ರಾಷ್ಟ್ರೀಯ ಜವಳಿ ನಿಗಮ ಕೇಳಿತು. ಮರಾಠಿ ಜನ ಎದ್ದು ನಿಂತರು, ಬಿಡುವುದಿಲ್ಲ ಎಂದರು. ಮರಾಠಿಯವರಿಗೆ ಅವರ ರಾಜ್ಯ, ಅವರ ಸರ್ಕಾರ ಎಲ್ಲ ಇದ್ದೂ ಒಂದು ಟಾಕೀಸಿಗಾಗಿ ಬೀದಿಗಿಳಿದರು. ಪರವೂರಿನಲ್ಲಿರುವ ನಾವು ಏನು ಮಾಡಿದೆವು? ಕೇಟರಿಂಗಿನವರಿಂದ ಕೊಟೇಶನ್ ತರಿಸಿದೆವು.

ಕಲ್ಯಾಣ ಮಂಟಪವಾದರೆ ಒಳಗೆ ಮೊದಲು ಆಗುವ ಕೆಲಸ ಯಾವುದು ಗೊತ್ತೇ? ನೆಲ ಮಟ್ಟ ಮಾಡುವುದು. ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು. ಮುಂದಿನವನ ತಲೆ ಹಿಂದಿನವನ ಕಣ್ಣಿಗೆ ಅಡ್ಡ ಬರಬಾರದೆಂದು ಲೆಕ್ಕ ಹಾಕಿ ಹೊಯ್ದ ನೆಲ ಅದು. ಇಳಿಜಾರಿನಲ್ಲಿ ಊಟದ ಮೇಜು ನಿಲ್ಲುವುದಿಲ್ಲ, ಅದಕ್ಕೆ ಮಣ್ಣು ಗಾರೆ ತುಂಬಿ, ಮೇಲೆ ಹೊಳೆಯುವ ಟೈಲ್ಸ್ ಹಾಕುತ್ತಾರೆ. ಸೀಟುಗಳು ಗುಜರಿಗೆ. ಒಮ್ಮೆ ನೆಲ ತುಂಬಿದಿರೋ, ಮುಗಿಯಿತು. ಮತ್ತೆ ಯಾವ ಕಾಲಕ್ಕೂ ಅಲ್ಲಿ ಒಂದು ನಾಟಕವನ್ನು ಹಿಂದಿನ ಸಾಲಿನವರು ನೆಮ್ಮದಿಯಾಗಿ ನೋಡಲಾರರು. ನಮ್ಮ ಭವನಗಳಲ್ಲಿ ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಪ್ಲಾಸ್ಟಿಕ್ ಕುರ್ಚಿಯ ಏಳನೆಯ ಸಾಲಿನಿಂದ ಆಚೆಗೆ ವೇಷದ ಕಿರೀಟ ಕಾಣುತ್ತದೆ, ಕಾಲು ಕಾಣುವುದಿಲ್ಲ. ಕುಣಿತವೇ ಕಾಣದ ಮೇಲೆ ಯಕ್ಷಗಾನದಲ್ಲಿ ಉಳಿದದ್ದೇನು? ನಡುವೆ ಕಂಬವಿಲ್ಲದ, ಹೊರಗಿನ ಸದ್ದು ಕೇಳದ, ಕೊನೆಯ ಸಾಲಿಗೂ ಕಾಣುವ ದೊಡ್ಡ ಕೋಣೆ ಈ ಊರಿನಲ್ಲಿ ಇಂದು ಹೊಸದಾಗಿ ಕಟ್ಟಲು ಹೊರಟರೆ ನಮ್ಮ ಎಲ್ಲ ಸಂಘಗಳ ಠೇವಣಿ ಒಟ್ಟು ಹಾಕಿದರೂ ಸಾಲದು. ಅಂಥದ್ದು ಕಣ್ಣೆದುರು ಸಿದ್ಧವಾಗಿ ನಿಂತಿರುವಾಗ ಅದಕ್ಕೆ ಗಾರೆ ತುಂಬುತ್ತೇವೆ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಬರಿ ಬೇಡ ಎಂದರೆ ಆಯಿತೇ, ಏನು ಬೇಕು ಹೇಳಿ ಎಂದು ಸಭೆಯಲ್ಲಿ ಕೇಳಿದರು. ಹೇಳಲು ಶುರುಮಾಡಿದಾಗ ಚಾ ಬಂತು. ಈಗ ಹೇಳುತ್ತೇನೆ. ಬಾಲ್ಕನಿಯ ಮುಂದೆ ಗೋಡೆ ಎಬ್ಬಿಸಿ ಬೇರೆ ಮಾಡಿ. ಇನ್ನೂರು ಮುನ್ನೂರು ಸೀಟಿನ ಸಣ್ಣ ಚಿತ್ರಮಂದಿರ ಅದು, ಪ್ರೊಜೆಕ್ಟರ್ ಕೋಣೆ ಹೇಗೂ ಅದರ ಹಿಂದೆಯೇ ಇದೆ. ಟಿಕೇಟು ನೂರು ರೂಪಾಯಿ ದಾಟಬಾರದು. ಅಂಥ ಟಿಕೇಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಅಂದರೆ ಸರ್ಕಾರವೇ ಒಂದು ಸಣ್ಣ ದಾರಿ ಬಿಟ್ಟಿದೆ. ಭಾನುವಾರ ಬೆಳಿಗ್ಗೆ ಕನ್ನಡ, ಉಳಿದ ಹೊತ್ತು ಮರಾಠಿ, ಭೋಜಪುರಿ, ತಮಿಳು, ಯಾವುದಕ್ಕೆ ಜನ ಬರುತ್ತಾರೋ ಅದು. ಕೆಳಗಿನ ಸ್ಟಾಲಿನಲ್ಲಿ ಮುಂದಿನ ನಾಲ್ಕು ಸಾಲು ತೆಗೆದು ವೇದಿಕೆ ಮಾಡಿ. ಯಕ್ಷಗಾನ, ಮರಾಠಿ ನಾಟಕ, ಮುನಿಸಿಪಾಲಿಟಿ ಶಾಲೆಗಳ ವಾರ್ಷಿಕೋತ್ಸವ. ಬಾಗಿಲಿನ ಆಚೆಯ ಪಡಸಾಲೆಗೆ ಬೆಳಕು ಚೆನ್ನಾಗಿ ಬರುತ್ತದೆ, ಅಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಉದ್ದ ಮೇಜು ಹಾಕಿ. ಚಾಳಿನ ಒಂದು ಖೋಲಿಯಲ್ಲಿ ಆರು ಜನರ ನಡುವೆ ಕೂತು ಓದಿದವನಿಗೆ ಆ ಮೇಜಿನ ಬೆಲೆ ಗೊತ್ತು. ರಸ್ತೆಯ ಕಡೆ ನಾಲ್ಕು ಅಂಗಡಿ, ಒಂದು ಉಡುಪಿ ಹೋಟೆಲು, ಬಾಡಿಗೆ ಬರುವುದು ಅಲ್ಲಿಂದ.

ಮದುವೆಯಷ್ಟು ದುಡ್ಡು ಇದರಲ್ಲಿ ಹುಟ್ಟುವುದಿಲ್ಲ, ಖಂಡಿತ ಹುಟ್ಟುವುದಿಲ್ಲ. ಆದರೆ ಮುಹೂರ್ತವಿಲ್ಲದ ಆಷಾಢ, ಪುಷ್ಯ ಮಾಸಗಳಲ್ಲಿ ಮಂಟಪ ಬೀಗ ಹಾಕಿಕೊಂಡಿರುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾಲೀಕ ಕೆಡವಿ ಗೋಪುರ ಎಬ್ಬಿಸಲಿಕ್ಕಿಲ್ಲವೇ ಎಂಬ ಹೆದರಿಕೆ ನನಗೂ ಇದೆ. ಹಳೆ ಸಿನಿಮಾ ಜಾಗದಲ್ಲಿ ಹೊಸದು ಕಟ್ಟುವಾಗ ಸಣ್ಣದೊಂದು ಚಿತ್ರಮಂದಿರವನ್ನಾದರೂ ಉಳಿಸಬೇಕೆಂದು ಮುಂಬಯಿಯ ನಿಯಮ ಹೇಳುತ್ತ ಬಂದಿದೆ, ಅದನ್ನು ಸಡಿಲಿಸಿ ಎಂದು ಮಾಲೀಕರು ಕೇಳುತ್ತ ಬಂದಿದ್ದಾರೆ. ಈ ಹಗ್ಗಜಗ್ಗಾಟದಲ್ಲಿ ಲೀಸಿಗೆ ಕೇಳುವ ನಮ್ಮಂಥವರ ಮಾತಿಗೂ ಸ್ವಲ್ಪ ತೂಕ ಉಂಟು. ಆ ತೂಕವನ್ನು ಬಿರಿಯಾನಿಯ ಹಂಡೆಗೋ ಹೋಳಿಗೆಯ ಒಲೆಗೋ ಹಾಕಿ ಮುಗಿಸಬೇಡಿ.

ಕರಾರು ಪತ್ರದ ಕರಡು ಸಿದ್ಧವಾಗಿದೆಯಂತೆ. ವಕೀಲರು ನಮ್ಮವರೇ, ಸಹಿ ಹಾಕುವವರೂ ನಮ್ಮವರೇ. ಸಹಿಗೆ ಮುಂಚೆ ಅದರಲ್ಲಿ ಎರಡು ಸಾಲು ಸೇರಿಸಲು ಒಂದು ಸಂಜೆ ಸಾಕು: ಒಳಗಿನ ನೆಲದ ಇಳಿಜಾರನ್ನು ಮುಟ್ಟತಕ್ಕದ್ದಲ್ಲ, ರಸ್ತೆಯ ಕಡೆಗಿನ ಟಿಕೇಟಿನ ಕಿಟಕಿಯನ್ನು ಮುಚ್ಚತಕ್ಕದ್ದಲ್ಲ.