ಚೆನ್ನೆಮಣೆಯೂ ಕಾರ್ಡಿನಾಟವೂ

ಆಟಿಯ ಮಳೆಯಲ್ಲಿ ಕುಕ್ಕುಂದೂರಿನ ಮನೆಗಳಲ್ಲಿ ಚೆನ್ನೆಮಣೆಯಾಡಿದುದನ್ನು ನಮ್ಮ ಹಿರಿಯ ವಿದ್ಯಾರ್ಥಿನಿಯರು ಮರೆತಿರಲಾರರು. 14 ಗುಳಿ, ಗುಳಿಗೆ 4 ಕಾಯಿ. ಹಣವಂತರ ಮಗಳಿಗೆ ಒಂದು ಕಾಯಿಯೂ ಹೆಚ್ಚಿರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಹುಟ್ಟಿ ಈಗ ನಮ್ಮ ಮಕ್ಕಳ ಕೈಸೇರಿರುವ ಪೋಕೆಮಾನ್ ಕಾರ್ಡಿನಾಟವು ಹಾಗಲ್ಲ. 60 ಕಾರ್ಡುಗಳ ಕಟ್ಟನ್ನು ಆಡುವವಳೇ ಸಂಪಾದಿಸಿ ಜೋಡಿಸಬೇಕು. ಆದಕಾರಣ ಪಂದ್ಯದಲ್ಲಿ ಸೋತವಳು ಹೊಸ ಪೊಟ್ಟಣಕ್ಕಾಗಿ ತಂದೆಯನ್ನು ಕಾಡುವಳು.

ಕೊಡಿಸಕೂಡದೆಂದು ನಮ್ಮ ಮತ. ಪೊಟ್ಟಣದೊಳಗೆ ಯಾವ ಕಾರ್ಡಿದೆಯೆಂದು ಒಡೆಯುವ ತನಕ ತಿಳಿಯದು. ಲಾಟರಿಗೂ ಅದಕ್ಕೂ ಬಹಳ ಅಂತರವಿಲ್ಲ! ಅದೇ ಕಟ್ಟಿನಿಂದ ಆಕೆ ಇನ್ನೂ ಇಪ್ಪತ್ತು ಸಲ ಆಡಲಿ. ಪ್ರತಿ ಸೋಲಿನ ಬಳಿಕ, ಕಾರ್ಡು ಬಾರದೆ ಸೋತೆನೋ, ಬಂದ ಕಾರ್ಡನ್ನು ಅವಸರದಲ್ಲಿ ಕಳೆದು ಸೋತೆನೋ ಎಂಬುದನ್ನು ಪುಸ್ತಕದಲ್ಲಿ ಬರೆದಿಡಲಿ. ಎದುರಾಳಿಯ ಕಟ್ಟನ್ನೂ ಒಮ್ಮೆ ತಾನೇ ಹಿಡಿದು ನೋಡಲಿ. ಇಷ್ಟಾದ ಮೇಲೂ ಒಂದು ಕಾರ್ಡಿನ ಕೊರತೆಯೇ ಕಂಡುಬಂದರೆ, ಪೋಷಕರು ಆ ಒಂದನ್ನು ಬಿಡಿಯಾಗಿ ಕೊಂಡುಕೊಡಲಿ.