ದೂರದರ್ಶನದ ಶತಮಾನವೂ ನಮ್ಮ ಕಾಡುಹಳ್ಳಿಗಳೂ

1926ನೆಯ ಇಸವಿಯ ಜನೆವರಿ 26ನೆಯ ತಾರೀಖಿಗೆ ಜಾನ್ ಲೋಗಿ ಬೇರ್ಡನೆಂಬ ಸ್ಕಾಟ್ಲೆಂಡದ ಯಂತ್ರಜ್ಞನು ಲಂಡನ್ ಪಟ್ಟಣದ ಫ್ರಿತ್ ಬೀದಿಯ ಮಾಳಿಗೆಯೊಂದರಲ್ಲಿ ವಿಜ್ಞಾನಿಗಳ ಮುಂದೆ ಮನುಷ್ಯನ ಚಲಿಸುವ ಮುಖವನ್ನು ಯಂತ್ರದ ಮೂಲಕ ದೂರದಿಂದ ತೋರಿಸಿದನು. ಚಿತ್ರವು ಮಸುಕಾಗಿದ್ದರೂ ಅದು ಲೋಕದ ನಡೆಯನ್ನೇ ಬದಲಿಸಿತು. ಆ ಪ್ರಯೋಗದ ಶತಮಾನದ ದಿನವು 2026ನೆಯ ಇಸವಿಯ ಜನೆವರಿ 26. ಅದೇ ಇಸವಿಯ ಜುಲೈ 31ನೆಯ ತಾರೀಖು ಇನ್ನೊಂದು ಸ್ಮರಣೆಯ ದಿನವಾಗಿರುವದು. ಬೇರ್ಡನ ದಿನವನ್ನು ಜಗತ್ತೆಲ್ಲ ನೆನೆಯುವದು. ಎರಡನೆಯದನ್ನು ನಾವು ಕನ್ನಡಿಗರೇ ನೆನೆಯದಿದ್ದರೆ ಮತ್ತಾರು ನೆನೆಯಬೇಕು?

1975ನೆಯ ಇಸವಿಯ ಅಗಸ್ಟ 1ರಿಂದ 1976ನೆಯ ಇಸವಿಯ ಜುಲೈ 31ರ ವರೆಗೆ ಒಂದು ವರ್ಷದ ಕಾಲ ಅಮೇರಿಕದಿಂದ ಎರವಲು ಪಡೆದ ಉಪಗ್ರಹವೊಂದರ ಮೂಲಕ ಭಾರತ ಸರಕಾರವು ಆರು ಪ್ರಾಂತಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತು. ವಿಕ್ರಮ ಸಾರಾಭಾಯಿಯವರ ಕನಸು ಅದು; ನೋಡಲು ಅವರು ಉಳಿಯಲಿಲ್ಲ. ಕರ್ನಾಟಕದಲ್ಲಿ ಆ ಹಳ್ಳಿಗಳು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳವು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಾಯಂಕಾಲ ಒಕ್ಕಲಿಗರಿಗೆ ಕನ್ನಡದಲ್ಲಿಯೇ ಪಾಠ ನಡೆಯಿತು. ಬೇಸಾಯ, ಆರೋಗ್ಯ, ಕುಟುಂಬಕಲ್ಯಾಣ ಇವೇ ವಿಷಯಗಳು. ವಿದ್ಯುಚ್ಛಕ್ತಿಯಿಲ್ಲದ ಕೆಲವು ಊರುಗಳಲ್ಲಿ ಯಂತ್ರವು ಬ್ಯಾಟರಿಯಿಂದ ನಡೆಯಿತು. ಎಣಿಸಿದ ಫಲವೆಲ್ಲ ಕೈಗೂಡಿತೆಂದು ನಾವು ಹೇಳುವದಿಲ್ಲ. ಹೊಸತನದ ಬೆರಗು ಕಳೆದ ಮೇಲೆ ನೋಡುವವರ ಗುಂಪು ಕರಗಿತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗಬೇಕಾಯಿತು. ವರ್ಷ ತುಂಬಿದೊಡನೆ ಉಪಗ್ರಹವೂ ಒಡೆಯನ ಕೈಗೆ ಮರಳಿತು.

ಆದರೂ ಒಂದು ಮಾತು ಮರೆಯತಕ್ಕದ್ದಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರವು ಬಂದದ್ದು 1981ನೆಯ ಇಸವಿಯ ನವಂಬರ 1ಕ್ಕೆ. ಗುಲ್ಬರ್ಗಾಕ್ಕೆ 1977ರಲ್ಲಿಯೇ ಬಂದಿತು. ರಾಜಧಾನಿಯ ದಿವಾಣಖಾನೆಗಿಂತ ಮೊದಲು ಬರಗಾಲದ ಸೀಮೆಯ ಚಾವಡಿಗೆ ಈ ಯಂತ್ರವು ಹೋಯಿತು. ಹಸಿದವನಿಗೆ ಮೊದಲ ತುತ್ತು ಎಂಬ ನ್ಯಾಯವನ್ನು ಸರಕಾರವು ಒಮ್ಮೆಯಾದರೂ ಪಾಲಿಸಿತ್ತು. 1994ರಿಂದೀಚೆಗೆ ಖಾಸಗಿ ವಾಹಿನಿಗಳು ಬಂದು ಅತ್ತೆ-ಸೊಸೆಯರ ಕಲಹವು ಮನೆಮನೆಗೆ ತುಂಬಿತು. ಆದರೆ ಆ ನ್ಯಾಯವು ಹಿಂದೆ ಬಿದ್ದಿತು.

ಇನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಮಾತು. ಗೋಪುರದಿಂದ ಹೊರಟ ದೂರದರ್ಶನದ ಅಲೆಗಳು ನೇರವಾಗಿ ಸಾಗತಕ್ಕವು. ನಡುವೆ ಗುಡ್ಡ ಬಂದರೆ ಅದರಾಚೆಯ ಹಳ್ಳಿಗೆ ನೆರಳೇ ಗತಿ. ಸಹ್ಯಾದ್ರಿಯ ಮಡಿಲ ಊರುಗಳಿಗೆ ಈ ಅಡ್ಡಿಯು ಎಂಥದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2004ರಲ್ಲಿ ಸರಕಾರದ ಉಚಿತ ಡಿಶ್ ಸೇವೆ ಪ್ರಾರಂಭವಾದ ಮೇಲೆ ಚಿತ್ರವು ಆಕಾಶದಿಂದಲೇ ಇಳಿಯುತ್ತಿರುವದರಿಂದ, ತಿಂಗಳ ಬಾಡಿಗೆ ಕೊಡಲಾರದ ಮನೆಯೂ ಅದನ್ನು ಕಾಣಬಹುದಾಗಿದೆ. ಗುಡ್ಡದ ನೆರಳು ಹರಿಯಿತು. ಅಲಕ್ಷ್ಯದ ನೆರಳು ಹರಿದಿಲ್ಲ. ಜೋಯಿಡಾದ ಕುಣಬಿ ಜನರು, ಹಳಿಯಾಳ-ಮುಂಡಗೋಡದ ಸಿದ್ದಿ, ಗೌಳಿ ಬಂಧುಗಳು, ದಾಂಡೇಲಿಯ ಕಾಗದ ಕಾರಖಾನೆಯ ಕೆಲಸಗಾರರು ಪರದೆಯ ಮೇಲೆ ಪರರ ಬಾಳನ್ನು ನೋಡುವರೇ ಹೊರತು ತಮ್ಮ ಬಾಳನ್ನು ಕಾಣುವದು ಅಪರೂಪ.

ಕಾಳೀ ನದಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ನಾಡಿಗೆ ಬೆಳಕಾಗಿದೆ. ಆ ಬೆಳಕಿಗಾಗಿ ಹಳೆಯ ಸೂಪಾ ಪೇಟೆಯು ನೀರಿನೊಳಗೆ ಮುಳುಗಿತು. ಒಕ್ಕಲೆದ್ದವರು ರಾಮನಗರ ಮುಂತಾದೆಡೆ ನೆಲೆ ಕಂಡರು. ಆ ಪೇಟೆಯಲ್ಲಿ ಹುಟ್ಟಿ ಬೆಳೆದ ಹಿರಿಯರು ಇನ್ನು ಎಷ್ಟು ದಿನ ನಮ್ಮೊಡನೆ ಇರುವರು? ಅವರ ಮುಖವನ್ನೂ ಮಾತನ್ನೂ ಈಗಲೇ ಚಿತ್ರಿಸಿಡದಿದ್ದರೆ ಆ ಊರು ಎರಡನೆಯ ಸಲ ಮುಳುಗಿದಂತೆಯೇ ಸರಿ.

ಈಗ ಎಲ್ಲರ ಕೈಯಲ್ಲಿ ಮೊಬೈಲ್ ಇರುವಾಗ ದೂರದರ್ಶನವೇಕೆ ಎಂದು ಕೆಲವರು ಕೇಳಬಹುದು. ಮೊಬೈಲ್ ಒಬ್ಬೊಬ್ಬನನ್ನು ಒಂದೊಂದು ಮೂಲೆಗೆ ಕೂಡಿಸುವದು. ಚಾವಡಿಯ ಯಂತ್ರವು ಊರನ್ನೇ ಒಂದೆಡೆ ಕೂಡಿಸಿತ್ತು. ನೋಡಿದ್ದನ್ನು ಕುಳಿತು ಚರ್ಚಿಸಿದಲ್ಲದೆ ತಿಳುವಳಿಕೆಯು ನಡತೆಗೆ ಇಳಿಯಲಾರದು.

ಆದ್ದರಿಂದ ಅಧಿಕಾರಸ್ಥರಲ್ಲಿ ನಮ್ಮ ಬೇಡಿಕೆಗಳು ಮೂರು. ಚಂದನ ವಾಹಿನಿಯು ವಾರಕ್ಕೊಂದು ತಾಸು ಈ ಕಾಡು ತಾಲೂಕುಗಳಿಗೆ ಮೀಸಲಿಟ್ಟು, ಇಲ್ಲಿಯವರಿಂದಲೇ ಇಲ್ಲಿಯ ಕನ್ನಡದಲ್ಲಿ ಕಾರ್ಯಕ್ರಮ ಮಾಡಿಸಲಿ. ಗ್ರಾಮ ಪಂಚಾಯತಿಗಳು ತಮ್ಮ ವಾಚನಾಲಯಗಳಲ್ಲಿ ಅದನ್ನು ಜನರಿಗೆ ಒಟ್ಟಿಗೆ ತೋರಿಸಿ ಚರ್ಚೆ ನಡೆಸಲಿ. ಸೂಪಾದ ಹಿರಿಯರ ನೆನಪುಗಳನ್ನು ಜಿಲ್ಲಾಡಳಿತವು ಬೇಗನೆ ಚಿತ್ರಿಸಿ ಕಾಯ್ದಿಡಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ಮನಸ್ಸು ಬೇಕು.

ಹಾರ ತುರಾಯಿಗಳಿಂದ ಶತಮಾನೋತ್ಸವವು ಸಾರ್ಥಕವಾಗದು. ದೂರದಲ್ಲಿದ್ದುದನ್ನು ಹತ್ತಿರ ತೋರಿಸುವ ಯಂತ್ರಕ್ಕೆ ಹತ್ತಿರವಿದ್ದ ಬಡವನೇ ಕಾಣದಿದ್ದರೆ ದೂರದರ್ಶನವೆಂಬ ಹೆಸರಿಗೆ ಏನು ಅರ್ಥ?